ಎರಡು ಚಮಚ ಶೇಂಗಾಪುಡಿ

ಬನಹಟ್ಟಿಯಲ್ಲಿ ಶೇಂಗಾ ಇಲ್ಲದ ಅಡಿಗೆಮನೆ ಹುಡುಕುವುದೆಂದರೆ ಮಗ್ಗದ ಸದ್ದಿಲ್ಲದ ಓಣಿ ಹುಡುಕಿದ ಹಾಗೆ. ಬದನೆಕಾಯಿಯ ಹೊಟ್ಟೆಗೆ ಶೇಂಗಾ, ಸೌತೆಕಾಯಿಯ ತಲೆಗೆ ಶೇಂಗಾ, ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಇವೆಲ್ಲದರ ಮೇಲೆ ಶೇಂಗಾ ಎಣ್ಣೆ. ಅಂಥ ಊರಿನಲ್ಲಿ ಹುಟ್ಟಿದ ಮಲ್ಲಿನಾಥನ ಮಗಳು ಸ್ನೇಹಾ ಶೇಂಗಾ ತಿನ್ನುವಂತಿರಲಿಲ್ಲ. ಒಂದು ಬೇಳೆ ಹೊಟ್ಟೆಗೆ ಹೋದರೂ ತುಟಿ ಬಾತು, ಕಣ್ಣು ಮುಚ್ಚಿ, ಉಸಿರು ಸಿಕ್ಕಿಕೊಳ್ಳುತ್ತಿತ್ತು.

ಇದು ಮೊದಲ ಸಲ ಬಯಲಾದದ್ದು ಮಲ್ಲಿನಾಥನ ಕೈಯಿಂದಲೇ. ಯಾರದೋ ವಾಸ್ತುಶಾಂತಿಯ ಊಟದಲ್ಲಿ, ಹೆಂಡತಿ ಪೂರ್ಣಿಮಾ "ಆ ಕೂಸಿಗಿ ಅದು ಯಾಕೋ ಒಗ್ಗೂದಿಲ್ರಿ, ಬ್ಯಾಡ" ಅನ್ನುತ್ತಿದ್ದರೂ, "ಒಂದ ತುತ್ತಿಗಿ ಏನ ಆಕ್ಕೈತಿ" ಎಂದು ಎಣ್ಣೆಗಾಯಿ ತಿನ್ನಿಸಿದ್ದ. ಆಮೇಲೆ ಎರಡು ದಿನ ಜಮಖಂಡಿಯ ಆಸ್ಪತ್ರೆಯಲ್ಲಿ ಕಳೆದರು. ಪೂರ್ಣಿಮಾ ಆ ಬಗ್ಗೆ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಸುಮ್ಮನೆ ಸೌಟನ್ನು ತನ್ನ ಕೈಗೆ ತೆಗೆದುಕೊಂಡಳು. ಅಂದಿನಿಂದ ಮೂರು ವರ್ಷ ಮಗಳ ತಟ್ಟೆಯ ಹತ್ತಿರ ಗಂಡನನ್ನು ಬಿಟ್ಟುಕೊಂಡಿರಲಿಲ್ಲ.

ಈಗ ಬಿಟ್ಟುಕೊಳ್ಳಲೇಬೇಕಾದ ಪ್ರಸಂಗ ಬಂದಿತ್ತು. ಪೂರ್ಣಿಮಾಗೆ ಊರಿನ ಸಹಕಾರಿ ಸಂಘದಲ್ಲಿ ಕೆಲಸ ಸಿಕ್ಕಿತ್ತು. ಅದಕ್ಕೆ ಮುಧೋಳದಲ್ಲಿ ಹದಿನೈದು ದಿನ ತರಬೇತಿ; ಚಿಗವ್ವನ ಮನೆಯಲ್ಲಿ ಉಳಿದು ಕಲಿತು ಬರಬೇಕು. ಬಿ.ಕಾಂ. ಮಾಡಿ ಎಂಟು ವರ್ಷ ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳಿಗೆ ಇದು ಬಿಟ್ಟರೆ ಮತ್ತೊಂದು ಸಿಗುವಂತಿರಲಿಲ್ಲ. ರವಿವಾರ ಸಂಜೆ ಬಸ್ಸು ಹತ್ತುವಾಗ ಹೇಳಿದಳು: "ನಾಳಿ ಒಂದ ದಿನದ ಡಬ್ಬಿ ಸರಿ ಆತಂದ್ರ ತರಬೇತಿ ಮುಗಸ್ತೀನಿ. ಏನರೆ ಹೆಚ್ಚುಕಡಿಮಿ ಆತು, ಮುಂದಿನ ಬಸ್ಸಿಗಿ ಬಂದಬಿಡ್ತೀನಿ. ನೌಕರಿ ಹೋದ್ರ ಹೋಗ್ಲಿ."

"ನನ್ನ ಮ್ಯಾಲ ಅಷ್ಟೂ ಭರೋಸಾ ಇಲ್ಲೇನು?" ಎಂದ ಮಲ್ಲಿನಾಥ.

"ಐತ್ರಿ," ಎಂದಳು ಪೂರ್ಣಿಮಾ, ಕಿಟಕಿಯ ಆಚೆ ನೋಡುತ್ತ.

ಸೋಮವಾರ ಬೆಳಗಿನ ಐದಕ್ಕೆ ಎದ್ದವನೇ ಮಲ್ಲಿನಾಥ ಅಡಿಗೆಮನೆಯ ಗೋಡೆಗೆ ಅಂಟಿಸಿದ ಹಾಳೆಯ ಮುಂದೆ ನಿಂತ. ಪೂರ್ಣಿಮಾಳ ದುಂಡು ಅಕ್ಷರದಲ್ಲಿ ಹನ್ನೊಂದು ನಿಯಮಗಳಿದ್ದವು. ಕುಸುಬಿ ಎಣ್ಣೆ ಮಾತ್ರ. ಸಾಬೂನಿನಿಂದ ಎರಡು ಸಲ ಕೈ ತೊಳೆಯಬೇಕು. ಹೊರಗಿನ ಪುಡಿ, ಹಿಂಡಿ, ಉಂಡಿ ಏನೂ ಹೊಸ್ತಿಲು ದಾಟಬಾರದು. ಅವನು ಪ್ರತಿಯೊಂದನ್ನೂ ಬೆರಳಿಟ್ಟು ಓದಿ, ಎರಡು ಸಲ ಅಂದಲ್ಲಿ ನಾಲ್ಕು ಸಲ ಕೈ ತೊಳೆದ. ಚಪಾತಿ ಬೆಳಗಾವಿ ಜಿಲ್ಲೆಯ ನಕಾಶೆಯಂತೆ ಬಂದರೂ ಬೆಂದಿದ್ದವು. ಬಟಾಟಿ ಪಲ್ಯ ಹಳದಿಯಾಗಿ, ಸೌಮ್ಯವಾಗಿ, ಆಸ್ಪತ್ರೆಯ ಗೋಡೆಯ ಬಣ್ಣದಲ್ಲಿ ಕೂತಿತ್ತು. ರುಚಿ ನೋಡುವ ಧೈರ್ಯವಾಗಲಿಲ್ಲ. ಚಮಚ ಎಲ್ಲಿಂದ ಏನು ತರುತ್ತದೋ ಯಾರು ಬಲ್ಲರು?

ಅಷ್ಟರಲ್ಲಿ ಪಡಸಾಲೆಯ ಪಾವರಲೂಮಿನಲ್ಲಿ ಎಳೆ ಹರಿಯಿತು. ಹೋಗಿ ಎಳೆ ಕೂಡಿಸಿ ಬರಲು ಐದು ನಿಮಿಷ ಹಿಡಿಯಿತು. ಬಂದವನು ಪಲ್ಯವನ್ನು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೊಂದು ಅರಿವೆ ಕಟ್ಟಿ, ಮಗಳ ಚೀಲಕ್ಕೆ ಇಟ್ಟ. ಒಂಬತ್ತಕ್ಕೆ ರಬಕವಿ ಸಾಲಿಯ ವ್ಯಾನು ಬಂತು. "ಯಾರ ಏನ ಕೊಟ್ರೂ ತಿನಬ್ಯಾಡ. ಅಪ್ಪನ ಡಬ್ಬಿ ಅಷ್ಟ ತಿನ್ನು," ಎಂದು ಮೂರು ಸಲ ಹೇಳಿದ. ಸ್ನೇಹಾ ಅವನನ್ನು ಒಂದು ನಮೂನೆ ಕರುಣೆಯಿಂದ ನೋಡಿ ವ್ಯಾನು ಹತ್ತಿದಳು.

ಹನ್ನೆರಡಕ್ಕೆ ಕರೆಂಟು ಹೋಯಿತು. ಮಗ್ಗ ನಿಂತವು. ಮಲ್ಲಿನಾಥ ಉಳಿದ ಚಪಾತಿ, ಪಲ್ಯ ಹಾಕಿಕೊಂಡು ಉಣ್ಣಲು ಕೂತ. ಮೊದಲ ತುತ್ತಿಗೆ ಅವನ ಮುಖ ಅರಳಿತು. ಎಂಥಾ ರುಚಿ. ತನ್ನ ಕೈಯಲ್ಲಿ ಇಂಥ ಗುಣವಿರುವುದು ಇಷ್ಟು ದಿನ ತನಗೇ ಗೊತ್ತಿರಲಿಲ್ಲವಲ್ಲ ಅಂದುಕೊಂಡ. ಎರಡನೆಯ ತುತ್ತು ಅಗಿಯುತ್ತಿದ್ದಂತೆ ಅಗಿಯುವುದು ನಿಧಾನವಾಯಿತು. ಮೂರನೆಯದು ಬಾಯಿಗೆ ಹೋಗಲೇ ಇಲ್ಲ. ಈ ರುಚಿ ಅವನಿಗೆ ಹಲ್ಲು ಬಂದಾಗಿನಿಂದ ಗೊತ್ತಿತ್ತು.

ಹಿತ್ತಲ ಗೋಡೆಗೆ ಓಡಿ ಕೂಗಿದ. "ಆಯೀ, ಅನಸವ್ವಾಯಿ, ಮುಂಜಾನಿ ನಮ್ಮ ಮನ್ಯಾಗ ಬಂದಿದ್ದೇನು?"

ನೆರೆಮನೆಯ ಅನಸವ್ವ ಎಪ್ಪತ್ತರ ಮುದುಕಿ. ಓಣಿಯ ಯಾವ ಮನೆಗೂ ಹಿತ್ತಲಿಂದಲೇ ಬರುವವಳು. "ಬಂದಿದ್ನೆಪಾ. ನೀ ಮಗ್ಗದ ಕಡೆ ಇದ್ದಿ. ಪಲ್ಯಾ ನೋಡಿ ಹೊಟ್ಟಿ ಚುರ್ರ್ ಅಂತು. ತಾಯಿ ಇಲ್ಲದ ಹೊತ್ತಿನ್ಯಾಗ ಕೂಸು ಅಂಥಾ ಬಿಳಿಚಿದ್ದ ತಿನ್ನೂದೇನು ಅಂತ ನಮ್ಮ ಮನ್ಯಾಗಿಂದ ಎರಡ ಚಮಚ ಪುಡಿ ತಂದು ಹಾಕಿ ತಿರಿವಿ ಬಂದೆ."

"ಯಾವ ಪುಡಿ?"

"ಪುಡಿ ಅಂದ್ರ ಯಾವದಿರತೈತೋ? ಶೇಂಗಾದ್ದು."

"ಆಯಿ, ಸ್ನೇಹಾ ಶೇಂಗಾ ತಿನಬಾರ್ದು ಅಂತ ಊರಿಗೆಲ್ಲಾ ಗೊತ್ತೈತಿ."

"ನನಗೂ ಗೊತ್ತೈತಿ. ಅದಕ್ಕ ಒಂದೂ ಕಾಳ ಉಳೀದಂಗ ಸಣ್ಣಗ ಕುಟ್ಟಿದ್ದನ್ನ ಹಾಕೇನಿ. ಪುಡಿ ಆದ ಮ್ಯಾಲ ಕಾಳ ಎಲ್ಲಿರತೈತಿ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಲ್ಲಿನಾಥ ಗಡಿಯಾರ ನೋಡಿದ. ಹನ್ನೆರಡು ಹತ್ತು. ಸಾಲಿಯಲ್ಲಿ ಊಟದ ಗಂಟೆ ಹೊಡೆಯುವುದು ಹನ್ನೆರಡೂವರೆಗೆ. ಸಾಲಿಯ ಫೋನಿಗೆ ಹಚ್ಚಿದರೆ ಅದು ಬಾರಿಸಿ ಬಾರಿಸಿ ತಾನೇ ದಣಿದು ಸುಮ್ಮನಾಯಿತು. ಮತ್ತೆ ಹಚ್ಚಿದ. ಮತ್ತೆ ಅದೇ. ಅವಸರದಲ್ಲಿ ಮೂರನೆಯ ಸಲ ಗ್ಯಾಸಿನ ಏಜೆನ್ಸಿಗೆ ಹತ್ತಿ, ಅವರು ಸಿಲಿಂಡರು ಗುರುವಾರ ಬರುತ್ತದೆ ಎಂದರು.

ಅಂಗಳಕ್ಕೆ ಬಂದರೆ ಅವನ ಬೈಕಿನ ಹಿಂದಿನ ಗಾಲಿ ನೆಲಕ್ಕೆ ಅಂಟಿಕೊಂಡಿತ್ತು. ಪುಣ್ಯಕ್ಕೆ ಗೆಳೆಯ ಮಾಂತೇಶನ ಮೂರು ಗಾಲಿಯ ಟಂಟಂ ನೂಲಿನ ಮೂಟೆ ಹೇರಿಕೊಂಡು ಓಣಿಯಲ್ಲಿ ಬರುತ್ತಿತ್ತು. ಮಲ್ಲಿನಾಥ ಎರಡೂ ಕೈ ಚಾಚಿ ಅಡ್ಡ ನಿಂತ.

"ಮಾಂತ್ಯಾ, ರಬಕವಿ ಸಾಲಿಗಿ ಹೊಡಿ. ಸ್ನೇಹಾನ ಡಬ್ಬ್ಯಾಗ ಶೇಂಗಾ ಹೋಗೈತಿ."

ಮಾಂತೇಶ ಅಲ್ಲೇ ಗಾಡಿ ತಿರುಗಿಸಿದ. ಮಲ್ಲಿನಾಥ ಮೂಟೆಗಳ ಮೇಲೆ ಹತ್ತಿದ. ಹಿಂದೆಯೇ ಅನಸವ್ವನೂ ಸೀರೆ ಎತ್ತಿ ಕಟ್ಟಿಕೊಂಡು ಹತ್ತತೊಡಗಿದಳು.

"ನೀ ಎಲ್ಲಿಗಿ ಆಯಿ?"

"ತಪ್ಪ ನಂದೈತಿ. ಕೂಸಿಗಿ ಏನರೆ ಆದ್ರ ನಾ ಬದುಕೂದಿಲ್ಲ," ಎಂದಳು ಮುದುಕಿ. ಅವಳ ದನಿ ಒಡೆದಿತ್ತು, ಕಣ್ಣಲ್ಲಿ ನೀರಿತ್ತು. ಹೊಡೆದು ಕೆಳಗಿಳಿಸಬೇಕೆಂದಿದ್ದ ಮಲ್ಲಿನಾಥ ಕೈ ಕೊಟ್ಟು ಮೇಲೆ ಎಳೆದುಕೊಂಡ.

ಆದರೆ ಅನಸವ್ವನ ಬಾಯಿ ಅಳುವಾಗಲೂ ಸುಮ್ಮನಿರುವ ಬಾಯಲ್ಲ. ಬಟ್ಟೆ ಅಂಗಡಿಯ ರಾಮಲಿಂಗಪ್ಪ "ಏನಾತವ್ವಾ?" ಎಂದು ಕೇಳಿದ್ದಕ್ಕೆ "ಮಲ್ಲ್ಯಾನ ಮಗಳಿಗಿ ಊಟದಾಗ ತ್ರಾಸ ಆಗೈತಿ" ಎಂದಳು. ರಾಮಲಿಂಗಪ್ಪ ಸ್ಕೂಟರ್ ತೆಗೆದು ಹಿಂದೆ ಬಿದ್ದ. ಚಹಾದ ಅಂಗಡಿಯ ಮುಂದೆ ಹೋಗುವಾಗ "ಸಾಲ್ಯಾಗ ಊಟ ಕೆಟ್ಟೈತಂತ" ಎಂದು ಕೂಗಿದ. ಮುಂದಿನ ತಿರುವಿನ ಹೊತ್ತಿಗೆ ನಲವತ್ತು ಮಕ್ಕಳು ಹಾಸಿಗೆ ಹಿಡಿದಿದ್ದರು. ಟಂಟಮ್ಮಿನ ಹಿಂದೆ ಏಳೆಂಟು ಬೈಕು, ಎರಡು ಆಟೋ, ಸೈಕಲ್ಲಿನ ಮೇಲೊಬ್ಬ ಪೂಜಾರಿ. ಮೂಟೆಯ ಮೇಲೆ ಕೂತ ಮಲ್ಲಿನಾಥನಿಗೆ ಇದಾವುದೂ ಕಾಣುತ್ತಿರಲಿಲ್ಲ. ಮಗಳ ಬಾತ ತುಟಿ ಒಂದೇ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಪೂರ್ಣಿಮಾ, ಬೈಯದೆ, ಸುಮ್ಮನೆ ನೋಡುತ್ತ.

ಸಾಲಿಯ ಗೇಟು ಮುಟ್ಟಿದಾಗ ಹನ್ನೆರಡು ನಲವತ್ತು. ಕಾವಲುಗಾರ ಅಡ್ಡ ಬಂದ. "ಪಾಲಕರು ನಾಕ ಗಂಟೆ ಮ್ಯಾಲ ಬರಬೇಕ್ರಿ. ಇಲ್ಲಾಂದ್ರ ವಹ್ಯಾಗ ಹೆಸರ, ಊರ, ಕಾರಣ ಬರೀರಿ."

ಮಲ್ಲಿನಾಥ ಪೆನ್ನು ಹಿಡಿದ. ಹೆಸರು ಬರೆದ. ಊರು ಬರೆದ. ಕಾರಣ ಎಂಬಲ್ಲಿ 'ಶೇಂ' ಎಂದು ಬರೆಯುವಷ್ಟರಲ್ಲಿ ಪೆನ್ನಿನ ಮಸಿ ನಿಂತಿತು. ಅವನು ಪೆನ್ನು ಬಿಸಾಕಿ, ಕಾವಲುಗಾರನ ಕಂಕುಳ ಕೆಳಗೆ ನುಸುಳಿ ಓಡಿದ. ತಲೆಯ ತುಂಬ ನೂಲಿನ ನವಿರು, ಕಾಲಲ್ಲಿ ಒಂದೇ ಚಪ್ಪಲಿ.

ಎರಡನೆಯ ಇಯತ್ತೆಯಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತು ಉಣ್ಣುತ್ತಿದ್ದವು. ಸ್ನೇಹಾಳ ಚೀಲವಿತ್ತು. ಚೀಲದಲ್ಲಿ ಡಬ್ಬಿ ಇರಲಿಲ್ಲ. ಸ್ನೇಹಾ ಇರಲಿಲ್ಲ.

"ಸ್ನೇಹಾ ಎಲ್ಲೆ?"

"ಮೇಡಮ್ಮಾರು ಕರಕೊಂಡ ಹೋಗ್ಯಾರ್ರಿ," ಎಂದಿತು ಒಂದು ಹುಡುಗಿ.

"ಯಾಕ?"

ಹುಡುಗಿಯ ಬಾಯಿ ತುಂಬಿತ್ತು. ಅದು ನುಂಗಿ ಉತ್ತರ ಕೊಡುವವರೆಗೆ ನಿಲ್ಲುವ ಶಕ್ತಿ ಮಲ್ಲಿನಾಥನಿಗೆ ಇರಲಿಲ್ಲ. ಮೇಡಮ್ಮಾರು ಎತ್ತಿಕೊಂಡು ಹೋಗಿರಬೇಕು. ಜಮಖಂಡಿಗೆ ಗಾಡಿ ಹೊರಟಿರಬೇಕು. ದೇವರ ಹೆಸರು ನೆನಪಾಗದೆ, ಮಗಳ ಹೆಸರನ್ನೇ ಕೂಗುತ್ತ ಶಿಕ್ಷಕರ ಕೋಣೆಯ ಬಾಗಿಲು ದೂಡಿದ.

ಕಿಟಕಿಯ ಹತ್ತಿರ ಬೆಂಚಿನ ಮೇಲೆ ಸ್ನೇಹಾ ಕಾಲು ಅಲ್ಲಾಡಿಸುತ್ತ ಮೊಸರನ್ನ ತಿನ್ನುತ್ತಿದ್ದಳು. ತುಟಿ ಎಷ್ಟಿರಬೇಕೋ ಅಷ್ಟೇ ಇತ್ತು. ಅವಳ ಮುಂದೆ ಇದ್ದದ್ದು ಅವನು ಎಂದೂ ಕಾಣದ ಹಸಿರು ಡಬ್ಬಿ. ಕೋಣೆಯ ಈಚೆ ತುದಿಯಲ್ಲಿ ಅವಳ ಇಯತ್ತೆಯ ಸಂಘಮಿತ್ರಾ ಮೇಡಮ್ಮು ಕೂತಿದ್ದರು. ಅವರ ಮುಂದೆ ಅವನು ಕಟ್ಟಿದ ಡಬ್ಬಿಯಿತ್ತು, ಒರೆಸಿಟ್ಟಂತೆ ಖಾಲಿಯಾಗಿ.

ಮಲ್ಲಿನಾಥ ಮಗಳನ್ನು ತಬ್ಬಿಕೊಳ್ಳಲು ಹೋಗಿ, ತನ್ನ ಕೈಗೂ ಪುಡಿ ಅಂಟಿರುವುದು ನೆನಪಾಗಿ, ಅರ್ಧದಲ್ಲೇ ನಿಂತು ಅಳತೊಡಗಿದ. ಮೇಡಮ್ಮು ಗಾಬರಿಯಾಗಿ ಎದ್ದರು.

"ಅಯ್ಯ, ಕೂಡ್ರಿ ಅಣ್ಣಾರ. ಏನಾತು?"

"ಅದರಾಗ ಶೇಂಗಾ ಇತ್ರಿ. ನನ್ನ ಡಬ್ಬ್ಯಾಗ. ಇಕಿ ತಿಂದಾಳೇನು?"

"ಅಕಿ ಯಾಕ ತಿಂತಾಳ್ರಿ? ಶೇಂಗಾ ಇದ್ದದ್ದು ಮುಚ್ಚಳ ತಗದ ಕೂಡ್ಲೆ ತಿಳೀತು, ಅದಕ್ಕ ನಾ ಇಷ್ಟ ದೂರ ಕೂತೇನಿ. ಅದಿರ್ಲಿ, ಪಲ್ಯಾ ಭಾರಿ ಆಗಿತ್ರಿ." ಮೇಡಮ್ಮು ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡರು.

"ಅಪ್ಪಾ," ಎಂದಳು ಸ್ನೇಹಾ, ದೊಡ್ಡವರಿಗೆ ತಿಳಿಹೇಳುವ ದನಿಯಲ್ಲಿ. "ನಿನ್ನ ಡಬ್ಬಿ ಮೇಡಮ್ಮಾರಿಗಿ. ಮೇಡಮ್ಮಾರ ಡಬ್ಬಿ ನನಗ. ಅವ್ವ ಹಂಗ ಹೇಳಿ ಹೋಗ್ಯಾಳ. ನಿನಗ ಹೇಳಬ್ಯಾಡ ಅಂದಾಳ."

ಮೇಡಮ್ಮು ತಲೆ ತಗ್ಗಿಸಿದರು. "ಪೂರ್ಣಿಮಾ ನನ್ನ ಕಾಲೇಜ ಗೆಳತಿರಿ. ಶುಕ್ರವಾರನ ನಮ್ಮ ಮನಿಗಿ ಬಂದು ಕುಸುಬಿ ಎಣ್ಣಿ, ಬ್ಯಾರೆ ಬೋಗಾಣಿ, ಬ್ಯಾರೆ ಚಮಚ ಎಲ್ಲಾ ಕೊಟ್ಟಾಳ. ಹದಿನೈದು ದಿನ ಕೂಸಿನ ಊಟ ನಂದ. ನಿಮ್ಮ ಡಬ್ಬಿ ತುಂಬಿದ್ದು ತುಂಬಿದಂಗ ಮನಿಗಿ ಬಂದ್ರ ನಿಮ್ಮ ಮನಸಿಗಿ ಕೆಟ್ಟ ಅನಸ್ತೈತಿ, ಅದಕ್ಕ ನೀನ ತಿಂದ ಬಿಡು ಅಂದ್ಲು. ಅಕಿಗಿ ನಾ ಹೇಳೇನಿ ಅಂತ ತಿಳಿಸಬ್ಯಾಡ್ರಿ. ಆಣಿ ಹಾಕಿಸ್ಕೊಂಡಾಳ."

ಐದು ಗಂಟೆಗೆ ಎದ್ದದ್ದು, ನಾಲ್ಕು ಸಲ ಕೈ ತೊಳೆದದ್ದು, ಹನ್ನೊಂದು ನಿಯಮ, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ಮಲ್ಲಿನಾಥನಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಮೊಸರನ್ನದ ಕೊನೆಯ ತುತ್ತು ತಿಂದು ಬಾಯಿ ಒರೆಸಿಕೊಂಡ ಮಗಳನ್ನು ನೋಡುತ್ತ ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಇವತ್ತು ಪೂರ್ಣಿಮಾ ಅವನನ್ನು ನಂಬಿದ್ದರೆ ಈ ಹೊತ್ತಿಗೆ ಏನಾಗುತ್ತಿತ್ತು? ಅವನು ಮತ್ತೆ ಅಳಲಿಲ್ಲ, ಅಷ್ಟೆ.

ಹೊರಗೆ ಹೋಗಿ ಗೇಟಿನ ಮುಂದೆ ನೆರೆದ ಮಂದಿಗೆಲ್ಲ ಏನೂ ಆಗಿಲ್ಲವೆಂದು ಕೈಮುಗಿದ. ಇಷ್ಟು ದೂರ ಬಂದು ಏನೂ ಆಗಿಲ್ಲವೆಂದರೆ ಹೇಗೆ ಎಂದು ರಾಮಲಿಂಗಪ್ಪ ಗೊಣಗಿದ. ಅನಸವ್ವ ಮಾತ್ರ ನೂಲಿನ ಮೂಟೆಯ ಮೇಲೆಯೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೂರ್ಣಿಮಾಗೆ ಈ ಸುದ್ದಿ ಹೋಗಬಾರದೆಂದು, ಒಳಗೆ ಮೇಡಮ್ಮಾರಿಂದ, ಮಗಳಿಂದ ತೆಗೆದುಕೊಂಡಂತೆ ಅನಸವ್ವನಿಂದಲೂ ಮಾಂತೇಶನಿಂದಲೂ ಮಾತು ತೆಗೆದುಕೊಂಡ. ಸುದ್ದಿ ಹೋದರೆ ಅವಳು ಮುಂದಿನ ಬಸ್ಸಿಗೆ ಬರುತ್ತಾಳೆ, ನೌಕರಿ ಹೋಗುತ್ತದೆ.

ಸಂಜೆ ಆರಕ್ಕೆ ಪೂರ್ಣಿಮಾಳ ಫೋನು ಬಂತು.

"ಡಬ್ಬಿ ಹೆಂಗಾತ್ರಿ?"

"ಛಲೋ ಆತು."

"ಮೇಡಮ್ಮಾರಿಗಿ ಕೇಳಿದ್ನಿ. ಡಬ್ಬಿ ಪೂರಾ ಖಾಲಿ ಆಗಿತ್ತಂತ. ಪಲ್ಯಾ ಬೆರಳ ಚೀಪೂವಂಗ ಆಗಿತ್ತಂತ." ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು. "ನನಗ ಭಾಳ ಹಗುರ ಆತ್ರಿ. ಇನ್ನ ನಾ ನಿಶ್ಚಿಂತಿಲೆ ತರಬೇತಿ ಮುಗಸ್ತೀನಿ. ಉಳದ ಹದಿನಾಕ ದಿನಾನೂ ನಿಮ್ಮ ಕೈಲೆನ ಆಗ್ಲಿ."

ಮಲ್ಲಿನಾಥ ಗೋಡೆಯ ಮೇಲಿನ ಹಾಳೆಯನ್ನು ನೋಡಿದ. ತನಗೆ ಎಲ್ಲ ಗೊತ್ತಾಗಿದೆ ಎನ್ನಬೇಕೆಂದರೆ, ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳಬೇಕಿತ್ತು. "ಆತು," ಎಂದ. "ನಾಳಿಗಿ ಏನ ಮಾಡ್ಲಿ?"

"ಹೀರಿಕಾಯಿ ಮಾಡ್ರಿ. ಸ್ನೇಹಾಗ ಹೀರಿಕಾಯಿ ಅಂದ್ರ ಜೀವ."

ಸ್ನೇಹಾ ಹುಟ್ಟಿದಾಗಿನಿಂದ ಹೀರೆಕಾಯಿ ಮುಟ್ಟಿದವಳಲ್ಲ. ಮಲ್ಲಿನಾಥ ಫೋನು ಇಟ್ಟು, ಕೈಚೀಲ ತೆಗೆದುಕೊಂಡು ಕಾಯಿಪಲ್ಯದ ಬಜಾರಿಗೆ ನಡೆದ. ಬುಟ್ಟಿಯ ಮುಂದೆ ಕೂತು ಒಂದೊಂದೇ ಹೀರೆಕಾಯಿ ಒತ್ತಿ ನೋಡಿ, ಬಲಿತವನ್ನು ಪಕ್ಕಕ್ಕೆ ಇಡುತ್ತ ಹೇಳಿದ: "ಎಳೀವನ್ನ ಕೊಡವ್ವಾ. ಮೇಡಮ್ಮಾರ ತಿನ್ನೂದೈತಿ."