ಭಾವನವರ ಹಾಲಿನ ಉದ್ಯೋಗ

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವನವರು, ಹುಟ್ಟಿದಾಗಿನಿಂದ ಒಂದು ಮೊಟ್ಟೆಯನ್ನೂ ಬಾಯಿಗಿಟ್ಟವರಲ್ಲ. ಆದರೆ ದನದ ಮಾಂಸದ ವಿಷಯದಲ್ಲಿ ನೈರೋಬಿಯ ಕಟುಕರಿಗೇ ಪಾಠ ಹೇಳುತ್ತಾರೆ! ನಂಬುವುದಿಲ್ಲವೇ? ಅವರು ಮೈಸೂರಿನಿಂದ ಬಂದು ಇಲ್ಲಿ ನಮ್ಮ ಮನೆಯಲ್ಲಿರುವ ಈ ಒಂದು ವರ್ಷ, ಯಾರೂ ನಂಬದಿರಲಿ ಎಂದೇ ನಾನು ಪಾಡುಪಟ್ಟಿದ್ದೇನೆ.

ಕಸಾಯಿಖಾನೆಯಲ್ಲಿ ತೂಗುಹಾಕಿದ ದನದ ಬೆನ್ನಿನ ಕೊಬ್ಬು ಎಷ್ಟು ದಪ್ಪ, ಪಕ್ಕೆಲುಬಿನ ಹತ್ತಿರದ ಮಾಂಸ ಎಷ್ಟು ಅಗಲ ಎಂದು ಅಳೆಯುತ್ತಾರೆ. ಮೂಳೆ, ಕೊಬ್ಬು ಕಳೆದು ಅಂಗಡಿಯಲ್ಲಿ ಮಾರುವಂಥ ಮಾಂಸ ಎಷ್ಟು ಕಿಲೋ ಸಿಕ್ಕೀತು ಎಂದು ಕತ್ತರಿಸುವ ಮೊದಲೇ ಹೇಳುವುದು ಅವರ ಉದ್ಯೋಗ. ತೂಕ ಒಂದೇ ಇದ್ದರೂ ಬೋರಾನ್ ತಳಿಯ ಲೆಕ್ಕ ಬೇರೆ, ಫ್ರೀಸಿಯನ್ ತಳಿಯ ಲೆಕ್ಕ ಬೇರೆಯಂತೆ. ಮಧ್ಯಾಹ್ನ ಹೊರಗೆ ಕೂತು ಡಬ್ಬಿಯ ಮೊಸರನ್ನ ಉಂಡು ಮತ್ತೆ ಒಳಗೆ ಹೋಗುತ್ತಾರೆ.

ಮನೆಯಲ್ಲಾದರೂ ಸುಮ್ಮನಿರುತ್ತಾರೆಯೇ? ಲ್ಯಾವಿಂಗ್ಟನ್ ಬಡಾವಣೆಯ ನಮ್ಮ ಗೇಟಿನ ಬಳಿ ತರಕಾರಿ ಮಾರುವ ಹೆಂಗಸು ಹೂಕೋಸು ಕೊಟ್ಟರೆ, ತಿರುಗಿಸಿ ನೋಡಿ, ದಂಟು ಕಳೆದು ಪಲ್ಯಕ್ಕೆ ಇಷ್ಟೇ ಗ್ರಾಂ ಎನ್ನುತ್ತಾರೆ. ನನ್ನ ಹೆಂಡತಿ ಬಿಡಿಸಿ ತೂಗಿದರೆ ಅಷ್ಟೇ! ಅವರು ನನ್ನನ್ನು ಹಿಂದಿನಿಂದ ಒಂದು ಗಳಿಗೆ ಹೆಚ್ಚು ನೋಡಿದರೆ ನಾನು ಮೆಲ್ಲಗೆ ಗೋಡೆಗೆ ಒರಗಿಬಿಡುತ್ತೇನೆ.

ನಗುವ ಮಾತು ಇಷ್ಟೇ. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಭಾವನವರು ಕೆಲಸದಿಂದ ಬಂದರೆ ಹಿತ್ತಲಲ್ಲಿ, ಕೆಲಸದವರ ಬಚ್ಚಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕೆಂದು ಗೊತ್ತುಮಾಡಿದವನು ನಾನು. ಊರಿನ ಕನ್ನಡದವರಿಗೆಲ್ಲ ಅವರದು ಹಾಲಿನ ಸಂಶೋಧನೆ ಎಂದು ಹಬ್ಬಿಸಿದವನೂ ನಾನೇ.

ಕಳೆದ ತಿಂಗಳು ನಮ್ಮಲ್ಲಿ ಸತ್ಯನಾರಾಯಣ ಪೂಜೆ. ರಿವರ್‌ಸೈಡ್ ಬಡಾವಣೆಯಿಂದ ಬಂದಿದ್ದ ಬ್ಯಾಂಕಿನವರೊಬ್ಬರು ಭಾವನವರನ್ನೇ ಹಿಡಿದು, ತುಪ್ಪಕ್ಕೆ ಯಾವ ತಳಿಯ ಹಾಲು ಒಳ್ಳೆಯದು ಎಂದು ಕೇಳಿದರು. ನಾನು ಪ್ರಸಾದದ ತಟ್ಟೆ ಹಿಡಿದು ಪಕ್ಕದಲ್ಲೇ ಇದ್ದೆ. ಅಳೆಯದೆ ಒಂದು ಮಾತೂ ಆಡದ ಮನುಷ್ಯ! ಭಾವ ನನ್ನ ಮುಖ ನೋಡಿದರು.

"ಸಾಹಿವಾಲ್ ಸರ್. ಹಾಲು ತುಂಬಾ ಗಟ್ಟಿ," ಅಂದರು.

ಎಲ್ಲರೂ ಹೋದ ಮೇಲೆ ಅವರು ಹಿತ್ತಲ ನಲ್ಲಿಯಲ್ಲಿ ತಮ್ಮ ತಟ್ಟೆ ತೊಳೆಯುತ್ತಿದ್ದರು. ಹತ್ತಿರ ಹೋಗಿ, ತಪ್ಪಾಯಿತು ಎಂದೆ.

"ಬಿಡೋ. ಮೈಸೂರಲ್ಲಿ ನಿಮ್ಮಕ್ಕನೂ ಎಲ್ರಿಗೂ ಹಾಲು ಅಂತಾನೇ ಹೇಳೋದು, ಇಪ್ಪತ್ತು ವರ್ಷದಿಂದ. ಇಲ್ಲಾದ್ರೂ ಸುಳ್ಳು ಹೇಳೋದು ಬೇಡ ಅಂತ ಈ ಕೆಲಸ ಕೇಳ್ಕೊಂಡು ಬಂದೆ. ಇಲ್ಲಿ ನೀನಿದೀಯಲ್ಲ ಅಂತ."

ಆಗತಾನೇ ಸತ್ಯನಾರಾಯಣನ ಕಥೆ ಕೇಳಿ ಎದ್ದವನು ನಾನು! ತಲೆ ಎತ್ತಲಾಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದೆ.

"ಭಾವ, ಕತ್ತರಿಸೋಕ್ ಮುಂಚೆ ಹೇಗೆ ಹೇಳ್ತೀರಿ?"

ಅವರು ತಟ್ಟೆಯನ್ನು ಕೆಳಗಿಟ್ಟರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, "ಮೊದಲು ಬೆನ್ನು ನೋಡ್ಬೇಕು ಕಣೋ," ಎಂದು ಶುರು ಮಾಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅಕ್ಕನ ಮದುವೆಯ ದಿನವೂ ನೋಡಿರಲಿಲ್ಲ.