ಇಲ್ಲಿ ಸಿಂಗಲ್ ಮಾಡಿಕೊಡಲಾಗುತ್ತದೆ

ಸೈಕಲ್ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಂಕ್ಚರ್ ಆದ ಗಾಲಿ ತಳ್ಳಿಕೊಂಡು ತಾನೇ ಬಾಗಿಲಿಗೆ ಬರುತ್ತದೆ.

ತೆಲಂಗಾಣದ ಗಡಿಯ ಮಕ್ತಲ್‌ನಲ್ಲಿರುವ ನನ್ನ ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆ. ದಪ್ಪ ಟೈರಿನ, ಗೇರಿನ ಮೌಂಟೇನ್ ಬೈಕ್ ಅನ್ನುವ ಸೈಕಲ್ಲುಗಳು ಈಗ ಹಳ್ಳಿಹಳ್ಳಿಗೂ ಬಂದಿವೆ. ಆದರೆ ನಮ್ಮ ಎರೆಮಣ್ಣಿಗೆ ಗೇರ್ ಕಂಡರೆ ಆಗುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಂದಿಗೊಂದಿಯಲ್ಲೆಲ್ಲ ಮಣ್ಣು ಮೆತ್ತಿ ಚೈನು ಕಟಕಟ ಅನ್ನತೊಡಗುತ್ತದೆ. ನಾನು ಆ ಗೇರನ್ನೆಲ್ಲ ಬಿಚ್ಚಿ, ಮುಂದೊಂದು ಹಿಂದೊಂದು ಹಲ್ಲಿನ ಚಕ್ರ ಕೂರಿಸಿ, ಚೈನು ಗಿಡ್ಡ ಮಾಡಿ ಕೊಡುತ್ತೇನೆ. ಅದೇ ಸಿಂಗಲ್ ಸ್ಪೀಡ್. ತುಳಿದರೆ ಹೋಗುತ್ತದೆ, ತುಳಿಯದಿದ್ದರೆ ನಿಲ್ಲುತ್ತದೆ. ಇಷ್ಟು ನಿಯತ್ತಿನ ಸಾಮಾನು ಇನ್ನೊಂದಿಲ್ಲ.

ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಅವಳು ನಾರಾಯಣಪೇಟೆಯಿಂದ ಸೀರೆ ತಂದು ಒಳಮನೆಯಲ್ಲಿ ಮಾರುತ್ತಾಳೆ. ಅವಳ ಗಿರಾಕಿಗಳು ನನ್ನ ಗ್ರೀಸು ದಾಟಿ ಒಳಗೆ ಹೋಗಬೇಕು. ಹಾಗಾಗಿ ಮುಂದಿನ ಕೋಣೆ ತನಗೆ ಬಿಟ್ಟುಕೊಡಬೇಕೆಂದು ಅವಳ ಹಟ. "ಗೇರ್ ಇಲ್ಲದ ಸೈಕಲ್ಲು ಏರೂ ಹತ್ತಂಗಿಲ್ಲ, ಕೈಯೂ ಹತ್ತಂಗಿಲ್ಲ" ಅನ್ನುತ್ತಾಳೆ.

ಚೀಲದ ಗೇರು

ಇಟಿಕ್ಯಾಲದ ರೈತರೊಬ್ಬರು ಮಕ್ತಲ್‌ನ ಮಗಳ ಮನೆಗೆ ಬರುವಾಗ ಸೈಕಲ್ಲನ್ನೂ ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ಸಿಂಗಲ್ ಮಾಡಿಕೊಟ್ಟೆ. ಬಿಚ್ಚಿದ ಗೇರನ್ನು ಬಿಡದೆ ಕೇಳಿ ಇಸಿದುಕೊಂಡರು. ಮುಂದಿನ ಸಲ ಬಂದಾಗ ನೋಡಿದರೆ ಅದೇ ಗೇರು ಕೈಚೀಲದಲ್ಲಿ ಹ್ಯಾಂಡಲ್ಲಿಗೆ ಜೋತು ಬಿದ್ದಿದೆ.

"ಇದನ್ಯಾಕ ಹೊತ್ಕೊಂಡು ತಿರಗತೀರಿ?" ಅಂದೆ.

"ಏರು ಬಂದಾಗ ಗೇರ್ ಬೇಕು ಅಂತಾರಲ್ರೀ. ಅದಕ್ಕ ಜೋಡಿಗೆ ಇಟ್ಕೊಂಡೀನಿ."

"ಹಂಗ ಇಟ್ಕೊಂಡ್ರ ಏನು ಉಪಯೋಗ?"

"ಉಪಯೋಗ ಐತ್ರಿ. ಇದು ಬಾಳ ಒಜ್ಜಿ. ಏರಿನಾಗ ಚೀಲ ಕೆಳಗಿಟ್ಟು ಹೋದ್ರ ಸೈಕಲ್ಲು ಹಗೂರ ಆಗತೈತಿ."

ಎಣ್ಣೆ

ಬೋರ್ಡು ಬರೆಸೋಣವೆಂದು ಪೇಂಟರನ್ನು ಕರೆದೆ. ಹಲಗೆ ಸಣ್ಣದು, ಸೈಕಲ್ ಅಂತ ಬರೆಯಲು ಜಾಗ ಸಾಲುವುದಿಲ್ಲ ಅಂದ. ಬಾಗಿಲಲ್ಲಿ ಸೈಕಲ್ಲುಗಳೇ ನಿಂತಿರುವಾಗ ಆ ಪದ ಯಾಕೆ ಎಂದು ನಾನೂ ಒಪ್ಪಿಕೊಂಡೆ. ತೆಲುಗಿನಲ್ಲಿ ಬರೆದ: "ಇಚ್ಚಟ ಸಿಂಗಿಲ್ ಚೇಯಬಡುನು." ಅಂದರೆ, ಇಲ್ಲಿ ಸಿಂಗಲ್ ಮಾಡಿಕೊಡಲಾಗುತ್ತದೆ.

ಕೆಲವು ದಿನಕ್ಕೆ ನಮ್ಮ ಕಡೆಯ ಮದ್ದೂರಿನವನೊಬ್ಬ ಬಂದು ತಲೆ ತಗ್ಗಿಸಿ ಬೆಂಚಿನ ಮೇಲೆ ಕೂತ. ಸೈಕಲ್ಲನ್ನು ಹೊರಗೆ ನಿಲ್ಲಿಸಿರಬೇಕು ಅಂದುಕೊಂಡೆ.

"ಸಿಂಗಲ್ ಮಾಡಿಸ್ಬೇಕಾಗಿತ್ರಿ," ಅಂದ.

"ಬಾಳ ಹಳೇದೇನ್ರಿ?"

"ಮಗಳು ಕಾಲೇಜಿಗೆ ಹೊಂಟಾಳ್ರಿ. ಅಷ್ಟು ಹಳೇದು."

"ಸಪ್ಪಳ ಮಾಡತೈತೇನು?"

"ಹೊತ್ತು ಹುಟ್ಟಿದಾಗಿಂದ ಮಲಗೋ ತನಕ."

"ಎಣ್ಣಿ ಹಾಕಿ ನೋಡೀರೇನು?"

ಅವನ ಮುಖ ಸಣ್ಣದಾಯಿತು. "ಎಣ್ಣಿ ಹಾಕಿದ ದಿನಾನೇ ಸಪ್ಪಳ ಜಾಸ್ತಿರಿ."

ನನಗೆ ಇದು ಹೊಸ ರೋಗ. "ಹಂಗಾರ ಬಿಚ್ಚಿ ನೋಡೂಣು. ಹೊರಗ ಐತೇನು?"

"ಇಲ್ರಿ. ತವರುಮನಿಗೆ ಹೋಗ್ಯಾಳ."

ಒಳಗೆ ಎಲ್ಲ ಕೇಳಿಸಿಕೊಂಡ ನನ್ನ ಹೆಂಡತಿ ಚಹಾ ತಂದು ಅವನ ಮುಂದಿಟ್ಟಳು. "ಅಣ್ಣಾ, ಇದು ಸೈಕಲ್ ಅಂಗಡಿ. ಎಣ್ಣಿ ನೀ ಬಿಡು, ಸಪ್ಪಳ ತಾನಾಗೇ ನಿಲ್ಲತೈತಿ. ಮೊದಲು ಆಕಿನ್ನ ಕರಕೊಂಡು ಬಾ."

ಕಾಲು ಊರಬಾರದು

ಅವನು ಹೋದಮೇಲೆ ಅವಳು ನನ್ನ ಕಡೆ ತಿರುಗಿದಳು. "ಕೋಣಿ ಯಾರದು ಅಂತ ಈ ಭಾನುವಾರ ತೀರ್ಮಾನ ಆಗಲಿ. ಊರ ಹೊರಗಿನ ಮೈಲಾರಪ್ಪನ ಗುಡ್ಡ ಐತಲ್ಲ, ನೀವು ಮಾಡಿದ ಸೈಕಲ್ ಮ್ಯಾಲ ಕಾಲು ಊರದಂಗ ಹತ್ರಿ. ಹತ್ತಿದ್ರ ಕೋಣಿ ನಿಮ್ದು. ಕಾಲು ಊರಿದ್ರ ನಂದು."

ಗುಜರಿಯ ಫ್ರೇಮು, ಯಾರದೋ ಗಾಲಿ, ಇನ್ಯಾರದೋ ಹ್ಯಾಂಡಲ್ಲು ಸೇರಿಸಿ ನನಗೆಂದೇ ಕಟ್ಟಿಕೊಂಡ ಸೈಕಲ್ಲೊಂದಿತ್ತು. ಭಾನುವಾರ ಅದನ್ನೇ ಹತ್ತಿದೆ. ಅವಳು ಮೆಟ್ಟಿಲ ದಾರಿಯಲ್ಲಿ ಮೊದಲೇ ಹೋಗಿ, ದೇವರಿಗೆ ಭಂಡಾರ ಹಾಕಿ, ಸೆರಗು ಬಿಗಿದು ಗುಡ್ಡದ ತುದಿಯಲ್ಲಿ ನಿಂತಿದ್ದಳು. ಇಳಿಜಾರಿನಲ್ಲಿ ಒಬ್ಬ ಕುರುಬ ಕುರಿ ಮೇಯಿಸುತ್ತಿದ್ದ.

ಅರ್ಧ ಗುಡ್ಡದವರೆಗೆ ನಾನು ಮರ್ಯಾದೆಯಿಂದಲೇ ಹೋದೆ. ಆಮೇಲೆ ಏದುಸಿರು ಬಂತು. ಕೋಣೆ ಹೋದರೆ ಹೋಗಲಿ, ಜೀವ ಉಳಿಯಲಿ ಎಂದು ಎಡಗಾಲು ಇಳಿಸುವಷ್ಟರಲ್ಲಿ ಹಿಂದಿನಿಂದ ಕುರುಬ ಕೂಗಿದ.

"ಸರ, ಕಾಲು ಇಳಿಸಬ್ಯಾಡ್ರಿ! ಟಗರು ಹಾಯತೈತಿ!"

ತಿರುಗಿ ನೋಡಿದೆ. ಕೊಂಬು ಸುತ್ತಿಕೊಂಡ ಟಗರು ತಲೆ ಬಗ್ಗಿಸಿ ಓಡಿ ಬರುತ್ತಿತ್ತು. ಹಿಂದಿನ ಗಾಲಿಗೆ ಒಂದು ಗುದ್ದು ಬಿತ್ತು. ಇನ್ನೊಂದು ಬಿತ್ತು. ಮೂರನೆಯದು ನನಗೇ ಅನ್ನಿಸಿ ನಾನು ತುಳಿದ ತುಳಿತ ದೇವರಿಗೇ ಗೊತ್ತು. ಕಾಲು ಊರದೆ ಅವಳ ಮುಂದೆ ಹೋಗಿ ಬಿದ್ದೆ.

"ಇದು ನಡಿಯಂಗಿಲ್ಲ," ಅಂದಳು. "ಗೇರ್ ಇಲ್ಲ ಅಂತ ಹೇಳಿ, ಕೊಂಬಿನ ಗೇರ್ ಹಾಕ್ಕೊಂಡು ಬಂದೀರಿ."

ನ್ಯಾಯ ಕುರುಬನ ಮುಂದೆ ಹೋಯಿತು. ಅವನು ಕಂಬಳಿ ಸರಿ ಮಾಡಿಕೊಂಡು ಗಂಭೀರವಾಗಿ ಹೇಳಿದ. "ಅಕ್ಕಾ, ಅರ್ಧ ಗುಡ್ಡ ಇವರು ಹತ್ಯಾರ, ಅರ್ಧ ನನ್ನ ಟಗರು ಹತ್ತಿಸೈತಿ."

"ಹಂಗಾರ ಕೋಣಿನೂ ಅರ್ಧ ಅರ್ಧ," ಅಂದಳು ನನ್ನ ಹೆಂಡತಿ. "ಟಗರಿನ ಪಾಲು ನಂದು."

ಎರಡು ಸಾಲು

ಈಗ ಕೋಣೆಯ ಎಡಕ್ಕೆ ಸೀರೆ, ಬಲಕ್ಕೆ ಸೈಕಲ್ಲು. ಹೆಂಗಸರು ಸೀರೆ ಬಿಚ್ಚಿಸಿ ನೋಡುವಾಗ ಅವರ ಗಂಡಂದಿರು ನನ್ನ ಬೆಂಚಿನ ಮೇಲೆ ಕೂತು ಚೈನಿಗೆ ಕೈ ಹಚ್ಚುತ್ತಾರೆ. ಹೀಗಾದದ್ದು ಒಳ್ಳೆಯದೇ ಆಯಿತು. ಇಡೀ ಕೋಣೆ ಗೆದ್ದಿದ್ದರೂ ನನಗೆ ಇಷ್ಟು ಖುಷಿ ಆಗುತ್ತಿರಲಿಲ್ಲ.

ಬೋರ್ಡು ಮಾತ್ರ ಒಂದೇ. ಅದೇ ಪೇಂಟರ್ ಹಳೆಯ ಸಾಲಿನ ಮೇಲೆ ಇನ್ನೊಂದು ಸಾಲು ತುರುಕಿದ್ದಾನೆ. ಮೇಲೆ, ಮದುವೆ ಸೀರೆ ಸಿಗುತ್ತವೆ. ಕೆಳಗೆ, ಇಲ್ಲಿ ಸಿಂಗಲ್ ಮಾಡಿಕೊಡಲಾಗುತ್ತದೆ.

ಮೊನ್ನೆ ಮದ್ದೂರಿನವನು ಹೆಂಡತಿಯನ್ನು ಕರೆದುಕೊಂಡು ಬಂದ. ಎಣ್ಣೆ ಬಿಟ್ಟಿದ್ದಾನಂತೆ, ಮುಖದಲ್ಲಿ ಕಳೆ ಬಂದಿತ್ತು. ಆಕೆ ಬಾಗಿಲಲ್ಲೇ ನಿಂತು ಬೋರ್ಡಿನ ಎರಡೂ ಸಾಲು ಗಟ್ಟಿಯಾಗಿ ಓದಿದಳು. ಆಮೇಲೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಡಿ, ಒಳಗ ಹೋಗೂಣು," ಅಂದ ಅವನು ಮೆಲ್ಲಗೆ.

"ತಡೀರಿ," ಅಂದಳು ಆಕೆ. "ಇವತ್ತು ಎಡಕ್ಕ ಹೋಗಿ ಸೀರಿ ತಗೊಂತೀನಿ. ಇನ್ನೊಮ್ಮಿ ಎಣ್ಣಿ ಹಾಕಿದ್ರ, ಬಲಕ್ಕ ಹೋಗೂಣು."