ಎಣ್ಣೆ ಮಿಲ್ಲಿನವರ ಪ್ರೋಟೀನ್ ಬರ್ಫಿ

ಬೇರೆಯವರ ಮನೆಯಲ್ಲಿ ವರ್ಷಕ್ಕೊಂದು ನಗೆಪಾಟಲು ನಡೆದರೆ ಹೆಚ್ಚು. ನಮ್ಮ ಮನೆಯಲ್ಲಿ ಒಲೆ ಹಚ್ಚಿದಾಗಲೆಲ್ಲ ಒಂದೊಂದು ನಡೆಯುತ್ತದೆ. ಅದರಲ್ಲೂ ಒಲೆ ಹಚ್ಚುವ ಕೈ ನಮ್ಮ ಯಜಮಾನರದಾದ ಮೇಲೆ ನಾನು ನಗುವುದಕ್ಕೆ ಮನೆಯಿಂದ ಹೊರಗೆ ಹೋಗಬೇಕಾಗಿಯೇ ಇಲ್ಲ.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯ ಹೆಣ್ಣು, ಕೊಟ್ಟಿದ್ದು ಚಳ್ಳಕೆರೆಗೆ. ಅಣ್ಣ ಅಲ್ಲಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾನೆ, ನಾನು ಇಲ್ಲಿ ಕೂತು ಆ ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಯಜಮಾನರು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಸೂಪರ್‌ವೈಸರ್. ಡಾಕ್ಟರು ಅವರ ರಕ್ತಪರೀಕ್ಷೆ ನೋಡಿ, "ಎಣ್ಣೆ ಕಮ್ಮಿ ಮಾಡ್ರಿ, ದಿನಾ ಸ್ವಲ್ಪ ನಡೀರಿ, ಪ್ರೋಟೀನ್ ತಗೊಳ್ರಿ" ಅಂದರು. ಇದರಲ್ಲಿ ನಡೆಯುವ ಮಾತು ಇವರ ಕಿವಿಗೆ ಬೀಳಲೇ ಇಲ್ಲ. ಮಿಕ್ಕ ಎರಡನ್ನು ಮಂಚದ ಮೇಲೆ ಮಲಗಿಕೊಂಡು ಮೊಬೈಲಿನ ವಿಡಿಯೋಗಳಲ್ಲಿ ಕಲಿತರು. ಊರಿಗೆಲ್ಲ ಡಬ್ಬಗಟ್ಟಲೆ ಎಣ್ಣೆ ಕಳಿಸುವ ಮನುಷ್ಯ ಮನೆಯ ಒಗ್ಗರಣೆ ಸೌಟಿಗೆ ಎಣ್ಣೆಯ ವಾಸನೆ ಮಾತ್ರ ತೋರಿಸತೊಡಗಿದರು.

ಇದನ್ನೆಲ್ಲ ನಾವು ನಮ್ಮ ಪಾಡಿಗೆ ಅನುಭವಿಸಿಕೊಂಡು ಇದ್ದುಬಿಡುತ್ತಿದ್ದೆವು. ಆದರೆ ಅದೇ ಕಾಲಕ್ಕೆ ನನ್ನ ಅಣ್ಣನ ಮಗಳಿಗೆ ರಾಯದುರ್ಗದ ಕಡೆಯ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಹುಡುಗ ಹುಡುಗಿ ಯಾರದೋ ಮದುವೆಯಲ್ಲಿ ನೋಡಿಕೊಂಡು ಮೆಚ್ಚಿದ್ದರು, ಹಿರಿಯರು ಬಂದು ಒಪ್ಪುವುದೊಂದೇ ಬಾಕಿ. ನಾನೇ ಎತ್ತಿ ಆಡಿಸಿದ ಮಗು ಅದು. ಅಂಥ ಸಂಬಂಧ ನಮ್ಮ ಯಜಮಾನರ ಕೈರುಚಿಯಿಂದ ಕೈತಪ್ಪುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಎಣ್ಣೆ ಕಾಣದ ಮಿರ್ಚಿ

ಚಳ್ಳಕೆರೆಯಲ್ಲಿ ಸಂಜೆಯಾದರೆ ಮಿರ್ಚಿ ಮಂಡಕ್ಕಿ ತಿನ್ನಬೇಕು. ಅದು ಬರೀ ತಿಂಡಿಯಲ್ಲ, ಸಂಧ್ಯಾವಂದನೆ. ಒಂದು ಭಾನುವಾರ ಯಜಮಾನರು ಮಿಲ್ಲಿನ ಇಬ್ಬರು ಗೆಳೆಯರನ್ನು ಮನೆಗೆ ಕರೆದು, "ಇವತ್ತು ಎಣ್ಣೆ ಇಲ್ದಂಗೆ ಮಿರ್ಚಿ ತಿನ್ನಿಸ್ತೀನಿ, ಪೂರಾ ಪ್ರೋಟೀನು" ಅಂದರು. ಹೆಸರುಬೇಳೆ ನೆನೆಹಾಕಿ ರುಬ್ಬಿ, ಮೆಣಸಿನಕಾಯಿಗೆ ಮೆತ್ತಿ, ಒಣ ದೋಸೆ ಹಂಚಿನ ಮೇಲೆ ಸಾಲಾಗಿ ಮಲಗಿಸಿದರು. ಅವು ಹಂಚಿಗೆ ಕಚ್ಚಿಕೊಂಡವು. ಯಜಮಾನರು ದೋಸೆ ಮಗುಚುವ ಸಟ್ಟುಗ ಹಾಕಿ ಕೆರೆದರು. ಹಿಟ್ಟು ಹಂಚಿನಲ್ಲೇ ಉಳಿಯಿತು, ಬರೀ ಮೆಣಸಿನಕಾಯಿ ಮೇಲೆ ಬಂತು.

ಗೆಳೆಯರು ಒಳ್ಳೆಯವರು. ಬೆವರು ಒರೆಸಿಕೊಳ್ಳುತ್ತಾ ಒಬ್ಬರು, "ಹಗುರ ಐತೆ ಸಾರ್" ಅಂದರು. ಇನ್ನೊಬ್ಬರು, "ನಾಳೆ ಮಿಲ್ ಬೇಗ ತೆಗೀಬೇಕು, ಬರ್ತೀವಿ" ಎಂದು ಎದ್ದೇಬಿಟ್ಟರು. ಯಜಮಾನರಿಗೆ ಹೆಮ್ಮೆ ತಡೆಯಲಿಲ್ಲ. "ಒಂದು ರೌಂಡ್ ನಡ್ಕೊಂಡು ಬರ್ತೀನಿ, ಡಾಕ್ಟ್ರು ಹೇಳವ್ರೆ" ಎಂದು ಚಪ್ಪಲಿ ಮೆಟ್ಟಿ ಹೊರಟರು.

ನಡೆದದ್ದು ಬಸ್‌ಸ್ಟ್ಯಾಂಡ್ ಪಕ್ಕದ ಮಿರ್ಚಿ ಗಾಡಿಯವರೆಗೆ. ಅಲ್ಲಿ ಆ ಇಬ್ಬರು ಗೆಳೆಯರು ಬಿಸಿ ಎಣ್ಣೆ ಸೋರುವ ಮಿರ್ಚಿ ಹಿಡಿದು ನಿಂತಿದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಜಮಾನರು ತಮಗೂ ಒಂದು ಪ್ಲೇಟು ಹೇಳಿದರು. ಇದೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀರಾ? ನಾನೂ ನಮ್ಮತ್ತೆಯೂ ಹಿತ್ತಲ ಬಾಗಿಲಿಂದ ಬಂದು ಗಾಡಿಯ ಆ ಕಡೆ ಬೆಂಚಿನ ಮೇಲೆ ಕೂತು ಆಗಲೇ ಎರಡನೇ ಪ್ಲೇಟು ಮುಗಿಸುತ್ತಿದ್ದೆವು.

ಬಿಟ್ಟು ಸಾಕಿದ ಎಮ್ಮೆ

ಆಮೇಲೆ ಉಂಡೆಯ ಸರದಿ. ಎಣ್ಣೆ ತೆಗೆದ ಶೇಂಗಾ ಹಿಟ್ಟಿನಲ್ಲಿ ಪ್ರೋಟೀನ್ ಜಾಸ್ತಿ, ಕೊಬ್ಬು ಕಮ್ಮಿ ಎಂದು ವಿಡಿಯೋದ ಹುಡುಗಿ ಹೇಳಿದಳಂತೆ. ಯಜಮಾನರು ತೊಡೆ ತಟ್ಟಿಕೊಂಡರು. "ಇದನ್ನ ಪೇಟೇಲಿ ಯಾಕೆ ಕೊಳ್ಬೇಕೇ? ಎಣ್ಣೆ ತೆಗೆಯೋದೇ ನನ್ನ ಕೆಲ್ಸ. ಎಣ್ಣೆ ಹೋದ್ಮೇಲೆ ಮಿಲ್ಲಲ್ಲಿ ಉಳಿಯೋದು ಏನು?"

"ಹಿಂಡಿ" ಅಂದೆ. "ಅದನ್ನ ದನ ತಿಂತಾವೆ."

"ದನಕ್ಕೆ ಗೊತ್ತಿರೋ ಬುದ್ಧಿ ನಮಗಿಲ್ವಲ್ಲ" ಎಂದು ಮಾರನೇ ದಿನ ಚೀಲದಲ್ಲಿ ಹಿಂಡಿ ಹೊತ್ತು ತಂದರು. ಕುಟ್ಟಿ, ಜರಡಿ ಹಿಡಿದು, ಬಾಳೆಹಣ್ಣು ಹಾಕಿ ಕಲಸಿ ಉಂಡೆ ಕಟ್ಟಿದರು. ಅತ್ತೆ ಒಂದನ್ನು ಮೂಸಿ ನೋಡಿ, "ಕೊಟ್ಟಿಗೆ ನೆನಪಾತು" ಎಂದು ಕೆಳಗಿಟ್ಟರು. ಅದು ಮನುಷ್ಯರು ತಿನ್ನುವ ಮಾಲಲ್ಲ ಎಂದು ಮಿಲ್ಲಿನ ಮಾಲೀಕರೇ ಕರೆದು ಬೈದ ಮೇಲೆ ಇವರ ಉತ್ಸಾಹ ಇಳಿಯಿತು.

ಅಷ್ಟರಲ್ಲಿ ಸುದ್ದಿ ಹಿಂದಿನ ಬೀದಿಗೆ ಮುಟ್ಟಿತ್ತು. ಅಲ್ಲಿ ಎಮ್ಮೆ ಕಟ್ಟಿರುವ ಒಬ್ಬಾಕೆ ನಮಗೆ ಹಾಲು ಹಾಕುತ್ತಾಳೆ. ಬಾಗಿಲಲ್ಲೇ ನಿಂತು ಅತ್ತೆಯನ್ನು ಕೇಳಿದಳು: "ದೊಡ್ಡವ್ವ, ಮಿಲ್ಲಿಂದ ನಿಮ್ಮನೇಗೂ ಹಿಂಡಿ ಬಂದೈತಂತಲ್ಲ. ನನ್ ಹತ್ರ ಹಾಲು ಬಿಡ್ಸಿ ನೀವೇ ಎಮ್ಮೆ ಕಟ್ಟಿದೀರೇನು?"

ನಮ್ಮತ್ತೆ ಹಸುಮೊಗದಿಂದ ಹೇಳಿದರು: "ಕಟ್ಟಿಲ್ಲ ಕಣವ್ವ, ಬಿಟ್ಟೇ ಸಾಕಿದೀವಿ. ಈಗ ಮಿಲ್ಲಿಗೆ ಹೋಗೈತೆ, ಸಂಜಿಗೆ ಬರ್ತೈತೆ."

ಮೊಸರಿನ ಮುಡಿಪು

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಗಟ್ಟಿ ಮೊಸರು, ಅದಕ್ಕೆ ಹಣ್ಣು ಹಾಕಿದರೆ ಪ್ರೋಟೀನ್ ತುಂಬಿದ ಸಿಹಿ. ಇದು ಮುಂದಿನ ವಿಡಿಯೋ. ಇದರಲ್ಲಿ ಕೆಡಿಸುವುದಕ್ಕೆ ಏನೂ ಇಲ್ಲ ಎಂದುಕೊಂಡು ನಾನು ನೆಮ್ಮದಿಯಾಗಿ ಸೀರೆ ತರಲು ಮೊಳಕಾಲ್ಮೂರಿಗೆ ಹೋದೆ.

ನಾನಿಲ್ಲದಾಗ ಯಜಮಾನರಿಗೆ ತೆಳು ಬಟ್ಟೆ ಸಿಗಲಿಲ್ಲ. ಪೂಜೆ ಪೆಟ್ಟಿಗೆಯಲ್ಲಿ ಅರಿಶಿನದಲ್ಲಿ ಅದ್ದಿಟ್ಟ ಬಟ್ಟೆಯಿತ್ತು, ಅದನ್ನೇ ತೆಗೆದುಕೊಂಡರು. ಮೊಸರು ಸುರಿದು ಗಂಟು ಕಟ್ಟಿದರು. ಅಡುಗೆಮನೆಯಲ್ಲಿ ಮೊಳೆ ಖಾಲಿ ಇರಲಿಲ್ಲವೆಂದು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿ, ಕೆಳಗೊಂದು ತಾಮ್ರದ ಬಟ್ಟಲಿಟ್ಟು, ಮಿಲ್ಲಿಗೆ ಹೋದರು.

ಗುಡಿಯಿಂದ ಬಂದ ಅತ್ತೆ ನೋಡುತ್ತಾರೆ, ದೇವರ ಪಕ್ಕ ಹಳದಿ ಗಂಟು. ನಮ್ಮ ಕಡೆ ಹರಕೆಯ ಕಾಣಿಕೆಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಮುಡಿಪು ಎಂದು ಹೀಗೇ ತೂಗುಹಾಕುವುದು. ಅಣ್ಣನ ಮಗಳ ಸಂಬಂಧ ಕೂಡಿಬರಲಿ ಎಂದು ಮಗನೇ ತಿಮ್ಮಪ್ಪನಿಗೆ ಮುಡಿಪು ಕಟ್ಟಿದ್ದಾನೆ ಎಂದುಕೊಂಡು ಅವರ ಕಣ್ಣಲ್ಲಿ ನೀರು ಬಂತು. ಕುಂಕುಮ ಹಚ್ಚಿ, ಗಂಟಿನ ಸಂದಿಯಲ್ಲಿ ತಾವೂ ಒಂದು ನಾಣ್ಯ ತೂರಿಸಿ, ಅಡ್ಡಬಿದ್ದರು. ಕೆಳಗಿನ ಬಟ್ಟಲಿನ ನೀರನ್ನು ತೀರ್ಥವೆಂದು ಕುಡಿದು, ಹಾಲಿನಾಕೆಗೂ ಕೊಟ್ಟರು. "ಹುಳಿ ಐತಲ್ಲ ದೊಡ್ಡವ್ವ" ಅಂದಳಂತೆ. "ಭಕ್ತಿ ಇಲ್ದೋರಿಗೆ ಹಂಗೇ ಅನ್ಸೋದು" ಎಂದು ಅತ್ತೆ ಗದರಿದರಂತೆ.

ಸಂಜೆ ಯಜಮಾನರು ಗಂಟಿಗೆ ಕೈಹಾಕಿದರು. ಅತ್ತೆ ಅಡ್ಡ ನಿಂತರು.

"ಅವ್ವ, ಅದು ಮೊಸರು."

"ಮೊಸರಾಗ್ಲಿ ಮಣ್ಣಾಗ್ಲಿ, ನಾನು ಹೇಳ್ಕೊಂಡಾಗೈತೆ. ಆ ಮಗೀನ ಸಂಬಂಧ ಕೂಡಿ ಬರೋಗಂಟ ಮುಟ್ಟಂಗಿಲ್ಲ."

ನಾನು ನಾಲ್ಕು ದಿನ ಬಿಟ್ಟು ಊರಿಂದ ಬರುವ ಹೊತ್ತಿಗೆ ಹುಳಿ ನಾತಕ್ಕೆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಬೆಕ್ಕೊಂದು ಗೂಡಿನ ಕೆಳಗೆ ಧ್ಯಾನಕ್ಕೆ ಕೂತಿತ್ತು. ನಾನು ಮೂಗು ಮುಚ್ಚಿಕೊಂಡು ನಿಂತಿರುವಾಗಲೇ ಅಣ್ಣನ ಫೋನ್ ಬಂತು: ರಾಯದುರ್ಗದವರು ಹುಡುಗಿ ನೋಡಲು ಬರುತ್ತಾರಂತೆ. ಅತ್ತೆ ಗೂಡಿನ ಕಡೆ ಕೈಮುಗಿದು ಮಗನತ್ತ ತಿರುಗಿದರು. "ಮುಡಿಪು ಕಟ್ಟಿದೋನು ನೀನು. ಹೋಗಿ ಮುಡಿ ಕೊಟ್ಟು ಬಾ."

ಮೊಸರಿನ ಕೊಬ್ಬು ತೆಗೆಯಲು ಹೋದವರು ತಿರುಪತಿಗೆ ಹೋಗಿ ತಲೆಗೂದಲು ತೆಗೆಸಿಕೊಂಡು ಬಂದರು.

ಒಪ್ಪಿಗೆಯ ಸಿಹಿ

ನನ್ನ ತವರಿನ ಕಡೆ ಹೆಣ್ಣು ನೋಡುವಾಗ ಒಂದು ಪದ್ಧತಿಯುಂಟು. ಗಂಡಿನ ಕಡೆಯವರ ಮುಂದೆ ತಟ್ಟೆಯಲ್ಲಿ ಸಿಹಿ ಇಡುತ್ತಾರೆ. ಒಪ್ಪಿಗೆಯಾದರೆ ತಿನ್ನುತ್ತಾರೆ. ಇಲ್ಲದಿದ್ದರೆ ಕಾಫಿ ಕುಡಿದು, ಸಿಹಿ ಮುಟ್ಟದೆ ಏಳುತ್ತಾರೆ. ಯಾರೂ ಬಾಯಿಬಿಟ್ಟು ಒಲ್ಲೆವು ಅನ್ನಬೇಕಾಗಿಲ್ಲ, ಯಾರ ಮಾನವೂ ಹೋಗುವುದಿಲ್ಲ.

ಇಂಥ ಕಡೆಗೆ ನಮ್ಮ ಯಜಮಾನರು, "ಸಿಹಿ ನಾನೇ ಮಾಡ್ಕೊಂಡು ಬರ್ತೀನಿ ಬಾವ. ತುಪ್ಪ, ಸಕ್ರೆ ಒಂದೂ ಇಲ್ಲದ ಪ್ರೋಟೀನ್ ಬರ್ಫಿ" ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿಬಿಟ್ಟರು. ಮನೆಯ ಅಳಿಯನಿಗೆ ಬೇಡ ಅನ್ನುವ ಬಾಯಿ ನಮ್ಮಣ್ಣನಿಗಿಲ್ಲ. ಗುಟ್ಟಾಗಿ ನನಗೆ ಫೋನ್ ಮಾಡಿ, ನಮ್ಮ ತವರಿನ ಮನೆಮಾತು ತೆಲುಗಿನಲ್ಲಿ, "ಏಮ್ಮಾ, ನುವ್ವನ್ನಾ ಚೆಪ್ಪು" ಅಂದ. ನೀನಾದರೂ ಹೇಳು ಅಂತ. ನಾನು ಹೇಳಿ ಹೇಳಿಯೇ ಇವರು ಇಷ್ಟು ಬೆಳೆದದ್ದು ಎಂದೆ.

ಹುರಿಗಡಲೆ ಹಿಟ್ಟು, ಸೋಯಾ ಹಿಟ್ಟು, ಅವನ್ನು ಹಿಡಿದಿಡಲು ಅರೆದ ಖರ್ಜೂರ. ಬಾಣಲೆಯಲ್ಲಿದ್ದಾಗ ಮೆತ್ತಗೇ ಇತ್ತು. ಮೊಳಕಾಲ್ಮೂರು ಮುಟ್ಟುವ ಹೊತ್ತಿಗೆ ಡಬ್ಬಿಯೊಳಗೆ ಕಟಕಟ ಸದ್ದು ಮಾಡುತ್ತಿತ್ತು.

ಗಂಡಿನ ಕಡೆಯ ಹಿರಿಯಳು ಹುಡುಗನ ಸೋದರತ್ತೆ. ಆಕೆ ಬಾಯಿ ತೆರೆಯುವ ತನಕ ಆ ಮನೆಯವರು ಯಾರೂ ತೆರೆಯುವುದಿಲ್ಲ. ಯಜಮಾನರ ಬೋಳು ತಲೆ, ನಾಮ ನೋಡಿ ಆಕೆಗೆ ಭಕ್ತಿಯೇ ಬಂದುಬಿಟ್ಟಿತು. "ಸ್ವಾಮಿ ದರ್ಶನ ಮಾಡ್ಕೊಂಡು ಬಂದೋರ ಕೈಯಿಂದಾನೇ ಕೊಡ್ಲಿ" ಎಂದು ಅವರ ಕೈಯಿಂದಲೇ ಮೊದಲ ಬರ್ಫಿ ತೆಗೆದುಕೊಂಡು ಕಚ್ಚಿದಳು.

ಕಚ್ಚಿದವಳು ಕಚ್ಚಿದಂತೆಯೇ ಉಳಿದಳು. ಆಕೆಯದು ಕಟ್ಟಿಸಿದ ಹಲ್ಲು. ಖರ್ಜೂರದ ಅಂಟು ಮೇಲಿನ ಸಾಲನ್ನು ಕೆಳಗಿನದಕ್ಕೆ ಬಂಧಿಸಿತ್ತು. ಬಾಯಿ ತೆರೆದರೆ ಎರಡೂ ಸಾಲು ಹೊಸ ಬೀಗರ ಮುಂದೆ ಹೊರಗೆ ಬರುವ ಭಯ. ತುಟಿ ಬಿಗಿದುಕೊಂಡು, ಕಣ್ಣು ಅಗಲಿಸಿ, ನೆಟ್ಟಗೆ ಕೂತಳು. ಆ ಮುಖ ನೋಡಿ ಹುಡುಗನ ಅಪ್ಪ ಅಮ್ಮ ಕೈಯಲ್ಲಿದ್ದ ಬರ್ಫಿಯನ್ನು ತಟ್ಟೆಗೆ ಹಾಕಿ ತಟ್ಟೆ ಸರಿಸಿದರು. ಅಣ್ಣ ಹೆದರಿ, "ಏನಾದ್ರೂ ತಪ್ಪಾಯ್ತೇನಮ್ಮಾ?" ಅಂದ. ಆಕೆ ಏನೂ ಕೇಳಬೇಡಿ ಎಂಬಂತೆ ಕೈಯಾಡಿಸಿ, ಎದ್ದು ಹಿತ್ತಲಿಗೆ ನಡೆದೇಬಿಟ್ಟಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಅಡುಗೆಮನೆಯಲ್ಲಿ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿ ಅಳುತ್ತಿದ್ದಳು. ಬಾಗಿಲ ಮರೆಯಲ್ಲಿ ಹುಡುಗಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ನನಗೆ ಆ ಗಳಿಗೆಯಲ್ಲಿ ನನ್ನ ಗಂಡನನ್ನು ಅವರ ಬರ್ಫಿಯಿಂದಲೇ ಹೊಡೆಯಬೇಕೆನಿಸಿತು, ಸುಳ್ಳು ಹೇಳುವುದಿಲ್ಲ.

ಆಗ ಕೋಣೆಯಲ್ಲಿ ಕಟಕ್ ಎಂದು ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರೆ ಹುಡುಗ. ತಟ್ಟೆಯ ಬರ್ಫಿಯನ್ನು ದವಡೆಗೆ ಕೊಟ್ಟು, ತಲೆ ಬಗ್ಗಿಸಿ, ಅಗಿಯುತ್ತಿದ್ದಾನೆ. ಒಂದು ಮುಗಿಸಿದ. ಅಪ್ಪನ ತಟ್ಟೆಯದು ತೆಗೆದುಕೊಂಡ. ಅಮ್ಮನ ತಟ್ಟೆಯದನ್ನೂ ತೆಗೆದುಕೊಂಡ. ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ಅವನು ಏನು ಹೇಳುತ್ತಿದ್ದಾನೆಂದು ಇಡೀ ಮನೆಗೆ ಅರ್ಥವಾಯಿತು, ಒಬ್ಬರಿಗೆ ಬಿಟ್ಟು.

"ನೋಡಿದ್ಯೇನೇ, ಮೆಚ್ಚಿ ತಿಂತಾ ಐತೆ ಹುಡುಗ" ಎಂದು ನಮ್ಮ ಯಜಮಾನರು ಡಬ್ಬಿ ಹಿಡಿದು ಅವನ ಮುಂದೆ ಬಗ್ಗಿದರು. "ಇನ್ನೊಂದು ಹಾಕ್ಲಾ?"

ಪಾಪ, ಅವನ ಸ್ಥಿತಿ ನೋಡಿ. ಸಿಹಿ ಬೇಡ ಅಂದರೆ ಹುಡುಗಿ ಬೇಡ ಅಂದಂತೆ. ತಟ್ಟೆ ಚಾಚಿದ. ಇವರು ಹಾಕಿದರು. ತಿಂದ. ಮತ್ತೆ ಹಾಕಿದರು. ಡಬ್ಬಿ ಇನ್ನೂ ಅರ್ಧ ತುಂಬಿತ್ತು. ಅಷ್ಟರಲ್ಲಿ ಹುಡುಗಿ ಕಾಫಿ ತಟ್ಟೆ ಕೆಳಗಿಟ್ಟು ದಡದಡನೆ ಬಂದು ಡಬ್ಬಿ ಕಿತ್ತುಕೊಂಡಳು. "ಸಾಕು ಮಾವಯ್ಯ. ಅವ್ರಿಗೆ ಹಲ್ಲು ಬೇಕು."

ಮೊದಲು ನಕ್ಕವನು ಹುಡುಗನ ಅಪ್ಪ. ಆಮೇಲೆ ಎಲ್ಲರೂ ನಕ್ಕರು. ಅತ್ತಿಗೆ ಅಳುತ್ತಲೇ ನಕ್ಕಳು. ಹಿತ್ತಲಲ್ಲಿ ಬಾಯಿ ತೊಳೆದು ಹಲ್ಲು ಸರಿಮಾಡಿಕೊಂಡು ಬಂದ ಸೋದರತ್ತೆ ತನ್ನ ಜಾಗದಲ್ಲಿ ಕೂತು ತೀರ್ಪು ಕೊಟ್ಟಳು: "ವರದಕ್ಷಿಣೆ ವದ್ದು, ಬ್ಯಾಡ. ಬಂಗಾರ ವದ್ದು. ನಮ್ದು ಒಂದೇ ಷರತ್ತು. ಮದ್ವೆ ದಿನ ಈ ಸ್ವಾಮಿಗಳನ್ನ ಅಡಿಗೆಮನೆ ಹತ್ರ ಬಿಡಬ್ಯಾಡ್ರಿ."

ಮದುವೆ ತುಪ್ಪ ಸೋರುವ ಲಾಡು, ಎಣ್ಣೆಯಲ್ಲಿ ಕರಿದ ಮಿರ್ಚಿಯೊಂದಿಗೆ ಚೆನ್ನಾಗಿಯೇ ನಡೆಯಿತು. ಯಜಮಾನರಿಗೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಕೆಲಸ ಕೊಟ್ಟಿದ್ದರು. ಪಾಪ, ಅಡುಗೆಮನೆಯತ್ತ ತಿರುಗಿಯೂ ನೋಡಲಿಲ್ಲ. ಆದರೆ ಉಡುಗೊರೆ ಕೊಡುವ ಹೊತ್ತಿಗೆ ಸೀದಾ ವೇದಿಕೆ ಹತ್ತಿ, ಹುಡುಗನ ಕೈಗೆ ಬಣ್ಣದ ಕಾಗದ ಸುತ್ತಿದ ಒಂದು ಡಬ್ಬಿ ಇಟ್ಟರು. "ನಿಂಗೆ ಇಷ್ಟ ಅಂತ ಮನೇಲೇ ಮಾಡ್ಕೊಂಡು ಬಂದೆ."

ಡಬ್ಬಿ ಕಟಕಟ ಅಂದಿತು. ಹುಡುಗನ ಕೈ ತಾನಾಗಿ ದವಡೆಗೆ ಹೋಯಿತು. ಒಂದು ಕ್ಷಣ ಯೋಚಿಸಿ, ಡಬ್ಬಿಯನ್ನು ಪಕ್ಕದಲ್ಲಿದ್ದ ನಮ್ಮ ಹುಡುಗಿಯ ಮಡಿಲಿಗೆ ಇಟ್ಟು ಮೆಲ್ಲಗೆ ಹೇಳಿದ:

"ನಂದು ಒಪ್ಗೆ ಅವತ್ತೇ ಆಗೈತೆ. ನಿಂದು ಇನ್ನೂ ಬಾಕಿ ಐತೆ ನೋಡು."